ಇಷ್ಟದ ಪುಸ್ತಕ ಹಂಚಿಕೊಳ್ಳುವುದು ಹೇಗೆ? ಎರವಲು, ಉಡುಗೊರೆ, ಜೊತೆಯ ಓದು: ಯಾರಿಗೆ ಯಾವುದು ಸರಿ

ಒಳ್ಳೆಯ ಪುಸ್ತಕದ ಕೊನೆಯ ಪುಟ ಮುಗಿದಾಗ ಕೈ ತಕ್ಷಣ ಅದನ್ನು ಮುಚ್ಚುವುದಿಲ್ಲ. ಬೆರಳು ಇನ್ನೂ ಆ ಪುಟದ ಮೇಲೇ ಇರುತ್ತದೆ. ಆಗ ನನಗೆ ಮೊದಲು ಬರುವ ಯೋಚನೆ ಒಂದೇ: ಇದನ್ನು ಯಾರಿಗೆ ಹೇಳಲಿ? ಓದುವ ಎಲ್ಲರಿಗೂ ಹೀಗೇ ಆಗುತ್ತದೆ ಅಂತ ಕಾಣುತ್ತದೆ. ಓದುವಾಗ ಯಾರೂ ಮಾತಾಡಿಸಬಾರದು. ಮುಗಿದ ಕೂಡಲೇ ಯಾರಾದರೂ ಮಾತಿಗೆ ಸಿಗಬೇಕು.

ನಾವು ಎಡವುವುದೂ ಇಲ್ಲೇ. ಎದುರು ಸಿಕ್ಕ ಸ್ನೇಹಿತರ ಕೈಗೆ ಪುಸ್ತಕ ತುರುಕಿ "ಓದ್ಲೇಬೇಕು" ಅನ್ನುತ್ತೇವೆ. ಅವರು ಓದುವುದಿಲ್ಲ. ಪುಸ್ತಕ ವಾಪಸ್ ಬರುವುದೂ ಇಲ್ಲ. ಒಂದು ವರ್ಷ ಕಳೆದ ಮೇಲೆ ಕೇಳಲು ನಮಗೆ ಮುಜುಗರ, ಎದುರಾಗಲು ಅವರಿಗೆ ಮುಜುಗರ. ತಪ್ಪು ಪುಸ್ತಕದ್ದಲ್ಲ, ಸ್ನೇಹಿತರದ್ದೂ ಅಲ್ಲ. ಕೊಟ್ಟ ರೀತಿ ಸರಿಯಿರಲಿಲ್ಲ, ಅಷ್ಟೇ.

ನನ್ನ ಪ್ರತಿಯನ್ನೇ ಕೊಡಬೇಕಾ? ಹೊಸದು ಕೊಂಡು ಕೊಡಬೇಕಾ? ಪಕ್ಕದಲ್ಲಿ ಕೂತು ಓದಿ ಹೇಳಬೇಕಾ? ಇಬ್ಬರೂ ಒಟ್ಟಿಗೆ ಶುರು ಮಾಡಬೇಕಾ? ಅಥವಾ ಸುಮ್ನೆ ಹೆಸರು ಹೇಳಿ ಬಿಟ್ಟರೆ ಸಾಕಾ? ಇಷ್ಟೂ ದಾರಿಗಳಲ್ಲಿ ನಾನು ಹೋಗಿ ಬಂದಿದ್ದೇನೆ. ಯಾವುದು ಕೈಹಿಡಿಯಿತು, ಯಾವುದು ಕೈಕೊಟ್ಟಿತು ಅನ್ನುವುದನ್ನು ಇಲ್ಲಿ ಬರೆಯುತ್ತಿದ್ದೇನೆ. ನನ್ನ ಒಲವು ಯಾವ ಕಡೆ ಅನ್ನುವುದನ್ನು ಮುಚ್ಚಿಡುವುದಿಲ್ಲ.

ಮೊದಲು ಓದುವವರು, ಆಮೇಲೆ ಪುಸ್ತಕ

ಹೇಗೆ ಕೊಡುವುದು ಅನ್ನುವ ಮೊದಲು ಯಾರಿಗೆ ಅನ್ನುವುದು ಗೊತ್ತಿರಬೇಕು. ಭಾರತದ ಗ್ರಂಥಾಲಯ ವಿಜ್ಞಾನಕ್ಕೆ ಅಡಿಪಾಯ ಹಾಕಿದ ಎಸ್. ಆರ್. ರಂಗನಾಥನ್ 1931ರಲ್ಲಿ ಐದು ಸೂತ್ರಗಳನ್ನು ಬರೆದರು. ಅದರಲ್ಲಿ ಎರಡನ್ನು ನಾನು ಯಾವಾಗಲೂ ನೆನೆಸಿಕೊಳ್ಳುತ್ತೇನೆ. ಪ್ರತಿ ಓದುಗರಿಗೂ ಅವರದೇ ಪುಸ್ತಕ ಇದೆ. ಪ್ರತಿ ಪುಸ್ತಕಕ್ಕೂ ಅದರದೇ ಓದುಗರು ಇದ್ದಾರೆ. ಇವೆರಡೂ ಒಂದೇ ಮಾತಿನ ಹಾಗೆ ಕೇಳಿಸುತ್ತವೆ. ಆದರೆ ಇಷ್ಟದ ಪುಸ್ತಕ ಕೈಯಲ್ಲಿ ಹಿಡಿದುಕೊಂಡಾಗ ನಾವು ಎರಡನೆಯದನ್ನು ಮಾತ್ರ ಯೋಚಿಸುತ್ತೇವೆ. ಈ ಪುಸ್ತಕಕ್ಕೆ ಒಬ್ಬರು ಓದುಗರನ್ನು ಹಿಡಿಯಬೇಕು ಅಂತ ಹೊರಡುತ್ತೇವೆ. ಈ ಮನುಷ್ಯರಿಗೆ ಈಗ ಯಾವ ಪುಸ್ತಕ ಬೇಕು ಅಂತ ಕೇಳುವುದಿಲ್ಲ.

ಕೇಳುವುದು ಹೇಗೆ ಅನ್ನುವುದಕ್ಕೆ ಅಮೆರಿಕದ ಗ್ರಂಥಪಾಲಕಿ ನ್ಯಾನ್ಸಿ ಪರ್ಲ್ ಹೇಳಿದ ಒಂದು ಸುಲಭ ಉಪಾಯ ಇದೆ. ಪುಸ್ತಕದ ಒಳಗೆ ಹೋಗಲು ನಾಲ್ಕು ಬಾಗಿಲು ಇರುತ್ತವೆ ಅನ್ನುತ್ತಾರೆ ಅವರು. ಕಥೆ ಒಂದು, ಪಾತ್ರಗಳು ಒಂದು, ಕಥೆ ನಡೆಯುವ ಜಾಗ ಮತ್ತು ಕಾಲ ಇನ್ನೊಂದು, ಭಾಷೆ ನಾಲ್ಕನೆಯದು. ಒಂದೊಂದು ಪುಸ್ತಕದಲ್ಲಿ ಒಂದೊಂದು ಬಾಗಿಲು ದೊಡ್ಡದು. ಓದುವವರೂ ಹಾಗೇ, ಒಬ್ಬೊಬ್ಬರಿಗೆ ಒಂದೊಂದು ಬಾಗಿಲು ಇಷ್ಟ. ಮುಂದೇನಾಯಿತು ಅಂತ ಓಡುತ್ತಾ ಓದುವವರಿಗೆ, ಒಂದು ಸಂಜೆಯ ಮಳೆಯನ್ನು ಹತ್ತು ಪುಟ ವರ್ಣಿಸುವ ಪುಸ್ತಕ ಕೊಟ್ಟರೆ ಅದು ಎಷ್ಟೇ ಚೆನ್ನಾಗಿರಲಿ, ಮೂರನೇ ಪುಟದಲ್ಲಿ ನಿದ್ದೆ ಬರುತ್ತದೆ.

ಹಾಗಾಗಿ "ನಿಮಗೆ ಎಂಥ ಪುಸ್ತಕ ಇಷ್ಟ?" ಅಂತ ಕೇಳಬೇಡಿ. ಅದಕ್ಕೆ ಯಾರಿಗೂ ಉತ್ತರ ಹೊಳೆಯುವುದಿಲ್ಲ. "ಈಚೆಗೆ ಓದಿದ್ದರಲ್ಲಿ ಇನ್ನೂ ತಲೆಯಲ್ಲಿ ಉಳಿದಿರೋದು ಯಾವುದು?" ಅಂತ ಕೇಳಿ. ಉತ್ತರ ಹೇಳುವಾಗ ಅವರು ಯಾವುದರಿಂದ ಶುರು ಮಾಡುತ್ತಾರೆ ನೋಡಿ. "ಅದರಲ್ಲಿ ಒಬ್ಬಳು ಇದ್ದಾಳೆ..." ಅಂತ ಶುರು ಮಾಡಿದರೆ ಅವರದು ಪಾತ್ರದ ಬಾಗಿಲು. "ಆ ಊರು ಕಣ್ಣಿಗೆ ಕಟ್ಟುತ್ತೆ" ಅಂದರೆ ಜಾಗದ್ದು. ಅಷ್ಟು ಸಾಕು. ಅರ್ಧ ಕೆಲಸ ಆಯಿತು.

ಎರವಲು ಕೊಡುವುದಾ, ಹೊಸದು ಕೊಂಡು ಕೊಡುವುದಾ?

ಬಹಳ ಜನ ಇದನ್ನು ಹಣದ ಪ್ರಶ್ನೆ ಅಂದುಕೊಳ್ಳುತ್ತಾರೆ. ನನ್ನ ಪ್ರಕಾರ ಹಣಕ್ಕೂ ಇದಕ್ಕೂ ಸಂಬಂಧ ಕಡಿಮೆ. ಎರವಲು ಕೊಟ್ಟ ಪುಸ್ತಕ ತಿರುಗಿ ಬರಬೇಕು, ಬರುವಾಗ ಒಂದು ಮಾತುಕತೆಯನ್ನೂ ಕರೆದುಕೊಂಡು ಬರುತ್ತದೆ. ಉಡುಗೊರೆ ಕೊಟ್ಟ ಪುಸ್ತಕ ಅಲ್ಲೇ ಉಳಿಯುತ್ತದೆ, ಹತ್ತು ವರ್ಷ ಬಿಟ್ಟು ಓದಿದರೂ ನಡೆಯುತ್ತದೆ. ನಿಮಗೆ ಬೇಕಿರುವುದು ಮಾತುಕತೆಯಾ, ಅಥವಾ ಆ ಪುಸ್ತಕ ಅವರ ಹತ್ತಿರ ಇದ್ದರೆ ಸಾಕಾ? ಇದನ್ನು ಮೊದಲು ತೀರ್ಮಾನಿಸಿ.

ನನ್ನ ಒಲವು ಎರವಲಿನ ಕಡೆ. ಕಾರಣ ಹೇಳುತ್ತೇನೆ.

ನಾನು ಪೆನ್ಸಿಲ್ ಹಿಡಿದು ಓದುವವಳು. ಇಷ್ಟವಾದ ಸಾಲಿನ ಪಕ್ಕ ಸಣ್ಣ ಗೀಟು, ಅರ್ಥವಾಗದ ಕಡೆ ಪ್ರಶ್ನೆ ಚಿಹ್ನೆ. ಹಾಗೆ ಗೀಟು ಹಾಕಿದ ಒಂದು ಕಾದಂಬರಿಯನ್ನು ಒಬ್ಬ ಗೆಳತಿಗೆ ಕೊಟ್ಟೆ. ಕೊಡುವಾಗ "ನೀನೂ ಬರಿ, ಪರವಾಗಿಲ್ಲ" ಅಂದಿದ್ದೆ. ಅದು ವಾಪಸ್ ಬರಲು ಎರಡು ವರ್ಷ ಹಿಡಿಯಿತು. ಬಂದ ದಿನ ರಾತ್ರಿ ಕೂತು ಪುಟ ತಿರುವಿದೆ. ಅವಳು ನೀಲಿ ಪೆನ್ಸಿಲ್ ಬಳಸಿದ್ದಳು. ನಾನು ಗೀಟು ಹಾಕಿದ ಕಡೆ ಅವಳು ಏನೂ ಹಾಕಿರಲಿಲ್ಲ, ನಾನು ದಾಟಿಕೊಂಡು ಹೋದ ಕಡೆ ಉದ್ದಕ್ಕೂ ನೀಲಿ ಗೀಟು. ಒಂದು ಕಡೆ ತಾಯಿ ಮಗಳ ಜಗಳ ಬರುತ್ತದೆ. ಮಗಳು ಯಾಕೆ ಉತ್ತರ ಕೊಡದೆ ಎದ್ದು ಹೋದಳು ಅಂತ ನನಗೆ ತಿಳಿದಿರಲಿಲ್ಲ, ಪ್ರಶ್ನೆ ಚಿಹ್ನೆ ಹಾಕಿದ್ದೆ. ಅದರ ಕೆಳಗೆ ಗೆಳತಿ ಸಣ್ಣ ಅಕ್ಷರದಲ್ಲಿ ಬರೆದಿದ್ದಳು: "ನಾನೂ ಹೀಗೇ ಎದ್ದು ಹೋಗಿದ್ದೆ." ಹದಿನೈದು ವರ್ಷದ ಸ್ನೇಹದಲ್ಲಿ ಅವಳು ನನಗೆ ಹೇಳದೇ ಇದ್ದ ಮಾತು ಅದು. ಹೊಸ ಪ್ರತಿ ಕೊಂಡುಕೊಟ್ಟಿದ್ದರೆ ಆ ಸಾಲು ನನಗೆ ಸಿಗುತ್ತಲೇ ಇರಲಿಲ್ಲ.

ಹಾಗಂತ ಎಲ್ಲವನ್ನೂ ಎರವಲು ಕೊಡಬಾರದು. ಮತ್ತೆ ಸಿಗದ ಪುಸ್ತಕ, ಅಚ್ಚು ನಿಂತುಹೋದದ್ದು, ತೀರಿಹೋದವರ ಕೈಬರಹ ಇರುವ ಪ್ರತಿ, ಇವನ್ನು ಕೊಡಬೇಡಿ. ಕೊಟ್ಟರೆ ದಿನಾ ಅದೇ ಚಿಂತೆ. ತೆಗೆದುಕೊಂಡವರಿಗೂ ಅದು ಭಾರ. ಅಂಥದ್ದನ್ನು ಮನೆಗೆ ಕರೆದು ತೋರಿಸಿ, ಇಲ್ಲೇ ಕೂತು ಓದಿ ಅನ್ನಿ.

ಪುಸ್ತಕ ಕಳೆದುಕೊಳ್ಳುವ ಭಯ ಇಂದಿನದಲ್ಲ. ನಮ್ಮ ಹಳೆಯ ಹಸ್ತಪ್ರತಿಗಳ ಕೊನೆಯಲ್ಲಿ ಲಿಪಿಕಾರರು ಒಂದು ಸಂಸ್ಕೃತ ಶ್ಲೋಕ ಬರೆಯುತ್ತಿದ್ದರು. ಎಣ್ಣೆಯಿಂದ ಕಾಪಾಡು, ನೀರಿನಿಂದ ಕಾಪಾಡು, ಸಡಿಲ ಕಟ್ಟಿನಿಂದ ಕಾಪಾಡು, ಮೂರ್ಖರ ಕೈಗೆ ಕೊಡಬೇಡ ಅಂತ ಪುಸ್ತಕವೇ ಬೇಡಿಕೊಳ್ಳುವ ಹಾಗೆ ಅದು ಇದೆ. ಇಂಗ್ಲೆಂಡಿನ ಹೆರೆಫರ್ಡ್ ಕೆಥೆಡ್ರಲ್‌ನ ಗ್ರಂಥಾಲಯದಲ್ಲಿ ಪುಸ್ತಕಗಳಿಗೆ ಸರಪಳಿಯೇ ಹಾಕಿದ್ದಾರೆ. ಸರಪಳಿ ಮುಂದಿನ ರಟ್ಟಿನ ಅಂಚಿಗೆ ಇರುವುದರಿಂದ ಪುಸ್ತಕಗಳ ಬೆನ್ನು ಒಳಗೆ, ಪುಟಗಳ ಅಂಚು ಹೊರಗೆ. ಹಾಗಿದ್ದರೆ ಮಾತ್ರ ಸರಪಳಿ ಸಿಕ್ಕಿಕೊಳ್ಳದೆ ಕೆಳಗಿಳಿಸಿ ಓದಬಹುದು. ಒಂದೊಂದು ಪ್ರತಿಯನ್ನೂ ಕೈಯಲ್ಲೇ ಬರೆಯಬೇಕಿದ್ದ ಕಾಲದಲ್ಲಿ ಶುರುವಾದ ಪದ್ಧತಿ ಅದು. ಆ ಭಯ ಎಷ್ಟು ನ್ಯಾಯವಾದದ್ದು ಅಲ್ವಾ?

ನಮ್ಮ ಹತ್ತಿರ ಸರಪಳಿ ಬೇಡ, ಒಂದು ನೋಟ್‌ಬುಕ್ ಸಾಕು. ಪುಸ್ತಕದ ಹೆಸರು, ತೆಗೆದುಕೊಂಡವರ ಹೆಸರು, ತಾರೀಖು. ಪುಸ್ತಕ ಹಿಡಿದು ನಿಂತಿರುವ ಅವರ ಒಂದು ಫೋಟೋ ತೆಗೆದಿಟ್ಟರೆ ಇನ್ನೂ ಸುಲಭ. ನಾನು ಈಗ ಹಾಗೇ ಮಾಡುವುದು. ಕೊಡುವಾಗಲೇ ಒಂದು ಗಡುವು ಹೇಳಿ: "ಎರಡು ತಿಂಗಳು ಇಟ್ಕೋ. ಓದಕ್ಕೆ ಆಗದಿದ್ರೂ ಎರಡು ತಿಂಗಳಿಗೆ ಕೊಡು, ಬೇಜಾರಿಲ್ಲ." ಈ ಕೊನೆಯ ಮಾತು ಬಹಳ ಮುಖ್ಯ. ಓದದೇ ವಾಪಸ್ ಕೊಟ್ಟರೆ ಬೇಜಾರು ಮಾಡಿಕೊಳ್ಳುತ್ತಾರೆ ಅನ್ನುವ ಹಿಂಜರಿಕೆಯಿಂದಲೇ ಎಷ್ಟೋ ಪುಸ್ತಕಗಳು ವಾಪಸ್ ಬರುವುದಿಲ್ಲ.

ಕೇಳುವಾಗ ಎರಡು ಪ್ರಶ್ನೆಗಳನ್ನು ಬೆರೆಸಬೇಡಿ. "ಓದಿದ್ರಾ?" ಅನ್ನುವುದು ಬೇರೆ, "ಪುಸ್ತಕ ಬೇಕಿತ್ತು" ಅನ್ನುವುದು ಬೇರೆ. ಪುಸ್ತಕ ಬೇಕಿದ್ದರೆ ನೇರವಾಗಿ ಅದನ್ನೇ ಕೇಳಿ. "ಓದಿದ್ರಾ" ಅಂತ ಸುತ್ತಿ ಬಳಸಿ ಕೇಳಿದರೆ ಅವರು "ಈ ವಾರ ಶುರು ಮಾಡ್ತೀನಿ" ಅನ್ನುತ್ತಾರೆ. ಇನ್ನೂ ಆರು ತಿಂಗಳು ಹೋಯಿತು ಅಂತ ಲೆಕ್ಕ.

ನೀವು ಎರವಲು ತೆಗೆದುಕೊಂಡವರಾದರೆ ಒಂದೆರಡು ಮಾತು. ಕಡಿಮೆ ಬೆಲೆಯ ಪೇಪರ್‌ಬ್ಯಾಕ್‌ಗಳ ಪುಟಗಳನ್ನು ಹೊಲಿದಿರುವುದಿಲ್ಲ, ಬೆನ್ನಿಗೆ ಅಂಟು ಹಾಕಿ ಹಿಡಿಸಿರುತ್ತಾರೆ. ಹಳೆಯದಾದಂತೆ ಅಂಟು ಒಣಗುತ್ತದೆ. ಎರಡೂ ಕಡೆ ಪೂರ್ತಿ ಅಗಲಿಸಿ ಒತ್ತಿದರೆ ಬೆನ್ನು ಬಿರಿದು ಪುಟ ಕಳಚುತ್ತದೆ. ಕಿಟಕಿಯ ಬಿಸಿಲಲ್ಲಿ ಇಡಬೇಡಿ. ಅಂಥ ಕಾಗದದಲ್ಲಿ ಮರದ ಲಿಗ್ನಿನ್ ಅನ್ನುವ ಅಂಶ ಉಳಿದಿರುತ್ತದೆ, ಬೆಳಕು ಮತ್ತು ಗಾಳಿ ತಾಗಿದಷ್ಟೂ ಹಳದಿಯಾಗುತ್ತದೆ. ರಬ್ಬರ್ ಬ್ಯಾಂಡ್ ಹಾಕಬೇಡಿ. ಪುಟದ ಮೂಲೆ ಮಡಿಸಬೇಡಿ. ಹಳೆಯ ಟಿಕೆಟ್ ಇಟ್ಟರೂ ಗುರುತಿಗೆ ಸಾಕು.

ಉಡುಗೊರೆ ಯಾವಾಗ ಮೇಲು?

ಮೂರು ಸಂದರ್ಭಗಳಲ್ಲಿ ನಾನು ಯೋಚಿಸದೆ ಹೊಸ ಪ್ರತಿ ಕೊಳ್ಳುತ್ತೇನೆ. ದೂರ ಇರುವವರಿಗೆ. ನಿಧಾನವಾಗಿ ಓದುವವರಿಗೆ, ಯಾಕೆಂದರೆ ಗಡುವು ಇದ್ದರೆ ಅವರಿಗೆ ಓದುವ ಖುಷಿಯೇ ಹೋಗುತ್ತದೆ. ಮತ್ತೆ, ಕಷ್ಟದಲ್ಲಿರುವವರಿಗೆ. ಯಾರನ್ನೋ ಕಳೆದುಕೊಂಡವರಿಗೆ, ಕಾಯಿಲೆಯಿಂದ ಮಲಗಿದವರಿಗೆ ವಾಪಸ್ ಕೊಡಬೇಕು ಅನ್ನುವ ಇನ್ನೊಂದು ಕೆಲಸ ಬೇಡ.

ಉಡುಗೊರೆಗೂ ಅದರದೇ ತೊಂದರೆ ಇದೆ. ಕೊಟ್ಟವರ ಮನಸ್ಸಿನಲ್ಲಿ ಒಂದು ನಿರೀಕ್ಷೆ ಕೂತಿರುತ್ತದೆ. ತೆಗೆದುಕೊಂಡವರ ಕಪಾಟಿನಲ್ಲಿ ಆ ಪುಸ್ತಕ ದಿನಾ ಅವರನ್ನೇ ನೋಡುತ್ತಿರುತ್ತದೆ. ಅದಕ್ಕೇ ಕೊಡುವಾಗ ಬಾಯಿಬಿಟ್ಟು ಹೇಳಿ: ಯಾವಾಗ ಬೇಕಾದರೂ ಓದಿ, ಓದದಿದ್ದರೆ ಬೇರೆಯವರಿಗೆ ಕೊಡಿ.

ಮೊದಲ ಪುಟದಲ್ಲಿ ಬರೆಯಬೇಕಾ ಬೇಡವಾ? ಬರೆದರೆ ಅದು ಅವರಿಗಾಗಿಯೇ ಕೊಂಡದ್ದು ಅನ್ನುವುದು ಉಳಿಯುತ್ತದೆ. ಆದರೆ ಅವರು ಅದನ್ನು ಇನ್ನೊಬ್ಬರಿಗೆ ದಾಟಿಸುವುದು ಕಷ್ಟವಾಗುತ್ತದೆ. ನಾನು ಬಹಳ ಹತ್ತಿರದವರಿಗೆ ಮಾತ್ರ ಪುಟದ ಮೇಲೆ ಬರೆಯುತ್ತೇನೆ. ಉಳಿದವರಿಗೆ ಒಂದು ಚೀಟಿಯಲ್ಲಿ ಬರೆದು ಒಳಗೆ ಇಡುತ್ತೇನೆ. ಚೀಟಿಯಲ್ಲಿ "ಶುಭಾಶಯಗಳೊಂದಿಗೆ" ಅಂತ ಬರೆಯುವುದಿಲ್ಲ. ಯಾವ ಪುಟದಲ್ಲಿ ನಾನು ಓದು ನಿಲ್ಲಿಸಿ ಕಿಟಕಿಯ ಆಚೆ ನೋಡಿದೆ ಅಂತ ಬರೆಯುತ್ತೇನೆ.

ಕೊಳ್ಳುವಾಗ ಆವೃತ್ತಿ ನೋಡಿ. ವಯಸ್ಸಾದವರಿಗೆ ಅಕ್ಷರದ ಗಾತ್ರವೇ ಮೊದಲು. ಪುಸ್ತಕ ಬಿಡಿಸಿ, ಕೈ ಚಾಚಿ ಹಿಡಿದು ಒಂದು ಪುಟ ಓದಿ ನೋಡಿ. ಅನುವಾದವಾದರೆ ಅನುವಾದಕರು ಯಾರು ಅಂತ ನೋಡಲೇಬೇಕು. ನಿಮಗೆ ಇಷ್ಟವಾದದ್ದು ಒಬ್ಬರ ಅನುವಾದ, ಅವರ ಕೈ ಸೇರಿದ್ದು ಇನ್ನೊಬ್ಬರದು ಆದರೆ ನೀವಿಬ್ಬರೂ ಓದಿದ್ದು ಒಂದೇ ಪುಸ್ತಕ ಅಲ್ಲ. ಸಂಕ್ಷಿಪ್ತ ಆವೃತ್ತಿಯಾ ಅನ್ನುವುದನ್ನೂ ನೋಡಿ. ಎಷ್ಟೋ ಸಲ ಅದನ್ನು ಮುಖಪುಟದಲ್ಲಿ ಸಣ್ಣ ಅಕ್ಷರದಲ್ಲಿ ಹಾಕಿರುತ್ತಾರೆ.

ಸೆಕೆಂಡ್ ಹ್ಯಾಂಡ್ ಪ್ರತಿ ಕೊಡಬಹುದಾ ಅಂತ ಕೆಲವರು ಹಿಂಜರಿಯುತ್ತಾರೆ. ಧಾರಾಳವಾಗಿ ಕೊಡಿ. ಹಳೆಯ ಪ್ರತಿಯನ್ನು ಹುಡುಕಿ ತಂದುಕೊಟ್ಟರು ಅನ್ನುವುದು ಎಷ್ಟೋ ಸಲ ಹೊಸದಕ್ಕಿಂತ ಜಾಸ್ತಿ ಖುಷಿ ಕೊಡುತ್ತದೆ.

ಕಾಗದದ ಪ್ರತಿ, ಇ-ಪುಸ್ತಕ

ಕಾಗದದ ಪುಸ್ತಕ ಕೊಂಡ ಮೇಲೆ ಅದು ನಿಮ್ಮದು. ಇದು ತಾನಾಗಿ ಬಂದ ಹಕ್ಕಲ್ಲ. ಅಮೆರಿಕದಲ್ಲಿ ಒಬ್ಬ ಪ್ರಕಾಶಕರು ಕಾದಂಬರಿಯೊಂದರ ಒಳಗೆ, ಇದನ್ನು ಒಂದು ಡಾಲರ್‌ಗಿಂತ ಕಡಿಮೆಗೆ ಮಾರುವಂತಿಲ್ಲ ಅಂತ ಅಚ್ಚು ಹಾಕಿಸಿದ್ದರು. ಒಂದು ಅಂಗಡಿಯವರು 89 ಸೆಂಟ್‌ಗೆ ಮಾರಿದರು. ಜಗಳ ಸುಪ್ರೀಂ ಕೋರ್ಟಿಗೆ ಹೋಯಿತು. ಒಮ್ಮೆ ಮಾರಿದ ಪ್ರತಿಯನ್ನು ಕೊಂಡವರು ಮುಂದೆ ಎಷ್ಟಕ್ಕೆ ಮಾರಬೇಕು ಅನ್ನುವುದನ್ನು ಕೃತಿಸ್ವಾಮ್ಯದ ಹೆಸರಿನಲ್ಲಿ ಕಟ್ಟಿಹಾಕಲು ಬರುವುದಿಲ್ಲ ಅಂತ 1908ರಲ್ಲಿ ತೀರ್ಪು ಬಂತು. ಎರವಲು ಕೊಡುವುದು, ಹಳೆಯ ಪುಸ್ತಕ ಮಾರುವುದು ಇವೆಲ್ಲ ನಿಂತಿರುವುದು ಇದೇ ತತ್ವದ ಮೇಲೆ.

ಇ-ಪುಸ್ತಕದಲ್ಲಿ ಸಾಮಾನ್ಯವಾಗಿ ನೀವು ಕೊಳ್ಳುವುದು ಓದಲು ಅನುಮತಿ ಮಾತ್ರ. 2009ರ ಜುಲೈನಲ್ಲಿ ಅಮೆಜಾನ್, ಓದುಗರು ಹಣ ಕೊಟ್ಟು ಕೊಂಡಿದ್ದ ಕೆಲವು ಪುಸ್ತಕಗಳನ್ನು ಅವರ ಇ-ಪುಸ್ತಕ ಓದುವ ಸಾಧನವಾದ ಕಿಂಡಲ್‌ಗಳಿಂದ ದೂರದಿಂದಲೇ ಅಳಿಸಿಹಾಕಿತು. ಅವನ್ನು ಮಾರಾಟಕ್ಕೆ ಹಾಕಿದ್ದವರಿಗೆ ಮಾರುವ ಹಕ್ಕು ಇರಲಿಲ್ಲ ಅನ್ನುವುದು ಕಾರಣ. ಹಣ ವಾಪಸ್ ಕೊಟ್ಟರು, ಆಮೇಲೆ ಕ್ಷಮೆಯನ್ನೂ ಕೇಳಿದರು. ಆದರೂ ಆ ಘಟನೆ ನನ್ನ ಮನಸ್ಸಿನಿಂದ ಹೋಗಿಲ್ಲ. ಕಪಾಟಿನಲ್ಲಿದ್ದ ಪುಸ್ತಕವನ್ನು ಯಾರೋ ರಾತ್ರಿ ಬಂದು ಎತ್ತಿಕೊಂಡು ಹೋದ ಹಾಗೆ ಅದು.

ಇ-ಪುಸ್ತಕವನ್ನು ತಳ್ಳಿಹಾಕಲು ಇದನ್ನು ಹೇಳುತ್ತಿಲ್ಲ. ಕಣ್ಣು ಮಂಜಾದವರಿಗೆ ಅಕ್ಷರ ದೊಡ್ಡದು ಮಾಡಿಕೊಳ್ಳುವ ಸೌಕರ್ಯ ದೊಡ್ಡ ವರ. ಕೃತಿಸ್ವಾಮ್ಯ ಮುಗಿದ ಹಳೆಯ ಪುಸ್ತಕಗಳನ್ನು ಯಾರಿಗೆ ಬೇಕಾದರೂ ಕಳಿಸಬಹುದು. 1971ರಲ್ಲಿ ಮೈಕೆಲ್ ಹಾರ್ಟ್ ಶುರು ಮಾಡಿದ ಪ್ರಾಜೆಕ್ಟ್ ಗುಟೆನ್‌ಬರ್ಗ್‌ನಲ್ಲಿ ಅಂಥ ಸಾವಿರಾರು ಪುಸ್ತಕಗಳು ಪುಕ್ಕಟೆ ಸಿಗುತ್ತವೆ. ಆದರೆ ಈಗ ಬದುಕಿರುವ, ಈಗ ಬರೆಯುತ್ತಿರುವ ಲೇಖಕರ ಪುಸ್ತಕವನ್ನು ಕದ್ದು ಮಾಡಿದ ಪಿಡಿಎಫ್ ರೂಪದಲ್ಲಿ ಹಂಚಬೇಡಿ. ಪುಸ್ತಕದ ಮೇಲಿನ ಪ್ರೀತಿಯಿಂದ ಹಾಗೆ ಮಾಡುತ್ತೇವೆ ಅಂತ ಹೇಳುವವರನ್ನು ನೋಡಿದ್ದೇನೆ. ಆ ಪ್ರೀತಿ ಬರೆದವರ ತನಕ ಮುಟ್ಟುತ್ತಿಲ್ಲ.

ಓದಿ ಹೇಳುವುದು: ನಾವು ಮರೆತಿರುವ ದಾರಿ

ಎಲ್ಲಕ್ಕಿಂತ ಕಡಿಮೆ ಜನ ಬಳಸುವುದು, ನನಗೆ ಎಲ್ಲಕ್ಕಿಂತ ಇಷ್ಟವಾದದ್ದು ಇದು.

ನನ್ನ ಸೋದರತ್ತೆಗೆ ಕಣ್ಣಿನ ಪೊರೆಯ ಆಪರೇಷನ್ ಆದಾಗ ಕೆಲವು ವಾರ ಓದು ಬಂದ್ ಆಗಿತ್ತು. ದಿನಕ್ಕೆ ಎರಡು ಸಲ ಪೇಪರ್ ಓದುವ ಜೀವ ಅದು. ಸಂಜೆ ಹೊತ್ತು ಹೋಗಿ ಓದಿ ಹೇಳಲು ಶುರು ಮಾಡಿದೆ. ನನಗೆ ಬಹಳ ಇಷ್ಟವಾದ, ಈ ಮೊದಲು ಎರಡು ಸಲ ಓದಿದ್ದ ಕಾದಂಬರಿ. ಮೊದಲ ದಿನ ಬೇಗ ಬೇಗ ಓದಿದೆ. ಅವರು ಕಣ್ಣು ಮುಚ್ಚಿಕೊಂಡೇ "ಯಾಕೆ ಓಡ್ತಿದ್ದೀಯ, ಬಸ್ಸು ತಪ್ಪುತ್ತಾ?" ಅಂದರು. ಎರಡನೇ ದಿನದಿಂದ ನಿಧಾನವಾದೆ. ಆಗ ಗೊತ್ತಾಯಿತು, ಎರಡು ಸಲ ಓದಿದಾಗಲೂ ನಾನು ಎಷ್ಟು ಸಾಲುಗಳನ್ನು ಕಣ್ಣಲ್ಲೇ ಹಾರಿಸಿಬಿಟ್ಟಿದ್ದೆ ಅಂತ. ಬಾಯಿಬಿಟ್ಟು ಓದುವಾಗ ಹಾರಿಸಲು ಬರುವುದಿಲ್ಲ. ಒಂದು ಪ್ಯಾರಾದಲ್ಲಿ ಒಬ್ಬ ಮುದುಕ ಬೀಗ ಹಾಕಿ, ಎಳೆದು ನೋಡಿ, ನಾಲ್ಕು ಹೆಜ್ಜೆ ಹೋಗಿ, ತಿರುಗಿ ಬಂದು ಮತ್ತೆ ಎಳೆದು ನೋಡುತ್ತಾನೆ. ಅತ್ತೆ ಕೈ ಎತ್ತಿ "ಇನ್ನೊಂದ್ಸಲ ಓದು" ಅಂದರು. ಓದಿದೆ. "ನಿಮ್ಮ ಮಾವ" ಅಂದರು, ಅಷ್ಟೇ. ಸ್ವಲ್ಪ ಹೊತ್ತು ಇಬ್ಬರೂ ಸುಮ್ಮನಿದ್ದೆವು.

ಓದಿ ಹೇಳುವುದು ಎಂದರೆ ಮಕ್ಕಳಿಗೆ, ಕಾಣದವರಿಗೆ ಅಂತ ಅಂದುಕೊಂಡುಬಿಟ್ಟಿದ್ದೇವೆ. ಕ್ಯೂಬಾದಲ್ಲಿ 1865ರಿಂದ ಹವಾನಾದ ಸಿಗಾರ್ ಕಾರ್ಖಾನೆಗಳಲ್ಲಿ ಕೆಲಸಗಾರರು ಎಲೆ ಸುತ್ತುತ್ತಾ ಕೂತಿರುವಾಗ ಒಬ್ಬರು ಎತ್ತರದ ಜಾಗದಲ್ಲಿ ಕೂತು ಅವರಿಗೆ ಓದಿ ಹೇಳುವ ಪದ್ಧತಿ ಶುರುವಾಯಿತು. ಪತ್ರಿಕೆ, ಕಾದಂಬರಿ ಎಲ್ಲವೂ. ಓದುವವರಿಗೆ ಸಂಬಳ ಕೊಡುತ್ತಿದ್ದದ್ದು ಮಾಲೀಕರಲ್ಲ, ಕೆಲಸಗಾರರು ತಮ್ಮ ಕೂಲಿಯಿಂದಲೇ ಕೊಡುತ್ತಿದ್ದರು. ಅಕ್ಷರ ಬಾರದ ಎಷ್ಟೋ ಜನ ಹಾಗೆ ದೊಡ್ಡ ದೊಡ್ಡ ಕಾದಂಬರಿಗಳನ್ನು ಕಿವಿಯಿಂದಲೇ ಓದಿ ಮುಗಿಸಿದರು.

ಇದಕ್ಕೆ ಯಾವ ಪುಸ್ತಕ ಒಗ್ಗುತ್ತದೆ? ಮಾತುಕತೆ ಹೆಚ್ಚಿರುವುದು, ಅಧ್ಯಾಯ ಚಿಕ್ಕದಾಗಿರುವುದು. ಹೆಸರುಗಳು ರಾಶಿ ರಾಶಿ ಬರುವ, ಮೂರು ಕಾಲದಲ್ಲಿ ಹಿಂದೆ ಮುಂದೆ ಓಡಾಡುವ ಕಾದಂಬರಿ ಬೇಡ. ಕೇಳುವವರು ಪುಟ ತಿರುವಿ ನೋಡಲು ಆಗುವುದಿಲ್ಲ ಅಲ್ವಾ. ಅರ್ಧ ಗಂಟೆಗಿಂತ ಜಾಸ್ತಿ ಒಮ್ಮೆಗೆ ಓದಬೇಡಿ, ಗಂಟಲು ಬೀಳುತ್ತದೆ. ಇನ್ನು ಮಕ್ಕಳ ವಿಷಯಕ್ಕೆ ಒಂದು ಕೋರಿಕೆ: ಅವರು ತಾವೇ ಓದಲು ಕಲಿತರು ಅಂತ ಓದಿ ಹೇಳುವುದನ್ನು ನಿಲ್ಲಿಸಬೇಡಿ. ಅವರು ತಾವಾಗಿ ಓದಬಲ್ಲ ಪುಸ್ತಕಕ್ಕಿಂತ ಕೇಳಿ ಅರ್ಥ ಮಾಡಿಕೊಳ್ಳಬಲ್ಲ ಪುಸ್ತಕ ಎಷ್ಟೋ ದೊಡ್ಡದಾಗಿರುತ್ತದೆ.

ದೂರ ಇದ್ದವರಿಗೆ ಒಂದು ಪ್ಯಾರಾ ಓದಿ ವಾಯ್ಸ್ ಮೆಸೇಜ್ ಕಳಿಸಿ. ಒಂದು ನಿಮಿಷ ಸಾಕು. ಪುಸ್ತಕದ ಬಗ್ಗೆ ನೀವು ಹತ್ತು ಸಾಲು ಹೊಗಳಿ ಬರೆಯುವುದಕ್ಕಿಂತ ಅದು ಚೆನ್ನಾಗಿ ನಾಟುತ್ತದೆ. ಆಡಿಯೋ ಪುಸ್ತಕಗಳೂ ಇವೆ. 2005ರಲ್ಲಿ ಶುರುವಾದ ಲಿಬ್ರಿವಾಕ್ಸ್‌ನಲ್ಲಿ ಹಳೆಯ ಪುಸ್ತಕಗಳನ್ನು ಸ್ವಯಂಸೇವಕರು ಓದಿ ಧ್ವನಿಮುದ್ರಿಸಿ ಪುಕ್ಕಟೆ ಕೊಡುತ್ತಾರೆ. ಒಳ್ಳೆಯದೇ. ಆದರೆ ಅಲ್ಲಿ "ಇನ್ನೊಂದ್ಸಲ ಓದು" ಅಂದಾಗ ತಲೆಯೆತ್ತಿ ಮುಖ ನೋಡುವವರು ಇರುವುದಿಲ್ಲ.

ಗುಂಪಿನಲ್ಲಾ, ಇಬ್ಬರೇನಾ?

1998ರಲ್ಲಿ ನ್ಯಾನ್ಸಿ ಪರ್ಲ್ ಅವರೇ ಸಿಯಾಟಲ್ ನಗರದಲ್ಲಿ, ಊರಿಗೆ ಊರೇ ಒಂದೇ ಪುಸ್ತಕ ಓದಿದರೆ ಹೇಗೆ ಅಂತ ಒಂದು ಯೋಜನೆ ಶುರು ಮಾಡಿದರು. ಆಮೇಲೆ ಬೇರೆ ಬೇರೆ ಊರುಗಳು ಅದನ್ನು ಅನುಸರಿಸಿದವು. ಗುಂಪಿನಲ್ಲಿ ಓದುವುದಕ್ಕೆ ಅದರದೇ ಸೊಗಸು ಇದೆ. ನಾವು ಯಾವತ್ತೂ ಕೈಗೆತ್ತಿಕೊಳ್ಳದ ಪುಸ್ತಕ ಬೇರೆಯವರ ಆಯ್ಕೆಯಿಂದ ನಮಗೆ ಬರುತ್ತದೆ.

ಒಂದು ಎಚ್ಚರಿಕೆ ಮಾತ್ರ. ನಿಮ್ಮ ಜೀವಕ್ಕೆ ಅಂಟಿಕೊಂಡ ಪುಸ್ತಕವನ್ನು ಹೊಸ ಗುಂಪಿನ ಮೊದಲ ಸಭೆಗೆ ಇಡಬೇಡಿ. ನಾನು ಇಟ್ಟಿದ್ದೆ. ಎಂಟು ಜನರಲ್ಲಿ ಮೂವರು ಮುಗಿಸಿದ್ದರು. ಒಬ್ಬರು "ತುಂಬಾ ಎಳೆದಿದ್ದಾರೆ" ಅಂದರು. ಅವರು ಹೇಳಿದ್ದರಲ್ಲಿ ತಪ್ಪಿರಲಿಲ್ಲ. ಆದರೂ ಅವತ್ತು ರಾತ್ರಿ ನನಗೆ ಸರಿಯಾಗಿ ನಿದ್ದೆ ಬರಲಿಲ್ಲ. ಗುಂಪಿಗೆ ಕೊಡಬೇಕಾದದ್ದು ನಿಮಗೆ ಪ್ರಶ್ನೆಗಳನ್ನು ಉಳಿಸಿದ ಪುಸ್ತಕ. ಅದರ ಬಗ್ಗೆ ಯಾರು ಏನು ಅಂದರೂ ನಿಮಗೆ ಲಾಭವೇ.

ಇಷ್ಟದ ಪುಸ್ತಕಕ್ಕೆ ಇಬ್ಬರ ಜೊತೆ ಓದು ಒಳ್ಳೆಯದು. ಇಬ್ಬರೂ ಒಂದೊಂದು ಪ್ರತಿ ಇಟ್ಟುಕೊಂಡು, ವಾರಕ್ಕೆ ಎರಡು ಅಧ್ಯಾಯ ಅಂತ ಗೊತ್ತು ಮಾಡಿಕೊಂಡು, ಓದಿದಷ್ಟರ ಬಗ್ಗೆ ಮಾತ್ರ ಮಾತಾಡುವುದು. ನೀವು ಮೊದಲೇ ಓದಿದವರಾದರೆ ಮುಂದಿನದನ್ನು ಹೇಳದೆ ಬಾಯಿ ಕಟ್ಟಿಕೊಳ್ಳಬೇಕು. ಕಷ್ಟ. ಆದರೆ ಅವರು ತಪ್ಪಾಗಿ ಊಹೆ ಮಾಡುವುದನ್ನು ಕೇಳುವುದರಲ್ಲಿ ಎಂಥ ಸುಖ ಇದೆ ಅಂತ ಒಮ್ಮೆ ಅನುಭವಿಸಿದರೆ ತಿಳಿಯುತ್ತದೆ.

ಬಿಟ್ಟುಬಿಡುವುದು, ಸುಮ್ನೆ ಹೇಳುವುದು

ಯಾರಿಗೆ ಸಿಗುತ್ತದೋ ಸಿಗಲಿ ಅಂತ ಬಿಟ್ಟುಬಿಡುವುದೂ ಒಂದು ದಾರಿ. 2001ರಲ್ಲಿ ಶುರುವಾದ ಬುಕ್‌ಕ್ರಾಸಿಂಗ್‌ನಲ್ಲಿ ಪುಸ್ತಕಕ್ಕೆ ಒಂದು ಸಂಖ್ಯೆ ಅಂಟಿಸಿ ಎಲ್ಲಾದರೂ ಬಿಡುತ್ತಾರೆ. ಸಿಕ್ಕವರು ಅದನ್ನು ದಾಖಲಿಸಿದರೆ ಪುಸ್ತಕ ಎಲ್ಲಿಗೆ ಹೋಯಿತು ಅಂತ ತಿಳಿಯುತ್ತದೆ. 2009ರಲ್ಲಿ ಅಮೆರಿಕದ ವಿಸ್ಕಾನ್ಸಿನ್ ರಾಜ್ಯದ ಹಡ್ಸನ್‌ನಲ್ಲಿ ಟಾಡ್ ಬೋಲ್ ಅನ್ನುವವರು, ಶಿಕ್ಷಕಿಯಾಗಿದ್ದ ತಮ್ಮ ತಾಯಿಯ ನೆನಪಿಗೆ ಪುಟ್ಟ ಶಾಲೆಯ ಆಕಾರದ ಪೆಟ್ಟಿಗೆ ಮಾಡಿ ಮನೆಯ ಮುಂದೆ ಪುಸ್ತಕ ಇಟ್ಟರು. ಲಿಟಲ್ ಫ್ರೀ ಲೈಬ್ರರಿ ಅನ್ನುವ ಹೆಸರಿನಲ್ಲಿ ಅದು ದೇಶ ದೇಶಗಳಿಗೆ ಹರಡಿತು. ಮನೆಯಲ್ಲಿ ಎರಡು ಪ್ರತಿ ಇದ್ದರೆ, ಜಾಗ ಸಾಲದಿದ್ದರೆ ಇದು ಚೆಂದದ ಉಪಾಯ. ಓದಿದವರ ಮಾತು ಕೇಳುವ ಆಸೆ ಇದ್ದರೆ ಇದು ನಿಮಗಲ್ಲ.

ಹೆಸರು ಹೇಳಿ ಬಿಡುವುದು ಎಲ್ಲಕ್ಕಿಂತ ಹಗುರ. ಪರಿಚಯ ಇನ್ನೂ ಹೊಸದಾಗಿದ್ದರೆ ಇದೇ ಸರಿ. ಹೇಳುವಾಗ ಕಥೆ ಹೇಳಬೇಡಿ. ಅದರ ಕುಂದನ್ನೂ ಮುಚ್ಚಿಡಬೇಡಿ. "ಮೊದಲ ನಲವತ್ತು ಪುಟ ನಿಧಾನ, ಆಮೇಲೆ ಬಿಡೋದಿಲ್ಲ" ಅಂದರೆ ಅವರು ಆ ನಲವತ್ತು ಪುಟಗಳನ್ನು ನಿಮ್ಮ ಮೇಲಿನ ನಂಬಿಕೆಯಿಂದ ದಾಟುತ್ತಾರೆ.

ಕೊಟ್ಟದ್ದು ಇಷ್ಟವಾಗದಿದ್ದರೆ?

ಆಗುತ್ತದೆ. ಅದಕ್ಕೂ ನ್ಯಾನ್ಸಿ ಪರ್ಲ್ ಒಂದು ಲೆಕ್ಕ ಕೊಟ್ಟಿದ್ದಾರೆ. ಐವತ್ತು ಪುಟ ಓದಿ, ಹಿಡಿಸದಿದ್ದರೆ ಬಿಡಿ. ವಯಸ್ಸು ಐವತ್ತು ದಾಟಿದ್ದರೆ ನೂರರಿಂದ ನಿಮ್ಮ ವಯಸ್ಸು ಕಳೆಯಿರಿ, ಅಷ್ಟು ಪುಟ ಸಾಕು. ಎಪ್ಪತ್ತರವರಿಗೆ ಮೂವತ್ತೇ ಪುಟ. ಪುಸ್ತಕ ಕೊಡುವಾಗಲೇ ನಾನು ಈ ಲೆಕ್ಕ ಹೇಳಿಬಿಡುತ್ತೇನೆ. ಎದುರಿನವರ ಮುಖ ಸಡಿಲವಾಗುವುದು ಕಾಣಿಸುತ್ತದೆ.

ಹೋದ ವರ್ಷ ನೀಲಿ ಪೆನ್ಸಿಲ್ಲಿನ ಗೆಳತಿಗೇ ಇನ್ನೊಂದು ಪುಸ್ತಕ ಕೊಟ್ಟಿದ್ದೆ. ಮೂರೇ ವಾರಕ್ಕೆ ತಂದುಕೊಟ್ಟಳು. ಐವತ್ತನೇ ಪುಟದಲ್ಲಿ ಒಂದು ಚೀಟಿ: "ಇಲ್ಲಿಗೆ ಸಾಕು ಕಣೇ. ಆದ್ರೆ ಆ ಅಂಚೆ ಹಂಚೋ ಹೆಂಗಸು ಇದ್ದಾಳಲ್ಲ, ಅವಳ ಬಗ್ಗೆನೇ ಒಂದು ಪುಸ್ತಕ ಇದ್ದಿದ್ರೆ ಓದ್ತಿದ್ದೆ." ಆ ಹೆಂಗಸು ಬರುವುದು ಎರಡೇ ಪುಟ. ನಾನು ಅವಳನ್ನು ಗಮನಿಸಿಯೇ ಇರಲಿಲ್ಲ. ಎದ್ದು ಕಪಾಟಿನ ಮುಂದೆ ನಿಂತೆ. ಮೇಲಿನ ಸಾಲಿನಿಂದ ಶುರು ಮಾಡಿ, ಮನೆ ಮನೆ ತಿರುಗುವ ಹೆಂಗಸರು ಯಾವ ಯಾವ ಪುಸ್ತಕದಲ್ಲಿ ಇದ್ದಾರೆ ಅಂತ ಒಂದೊಂದೇ ಹೊರಗೆ ಎಳೆಯತೊಡಗಿದೆ. ನಾಲ್ಕು ಸಿಕ್ಕವು. ಅದರಲ್ಲಿ ಒಂದನ್ನು ನಾನಿನ್ನೂ ಓದಿಲ್ಲ. ಈ ಸಲ ಇಬ್ಬರೂ ಅದನ್ನು ಒಟ್ಟಿಗೆ ಶುರು ಮಾಡುತ್ತಿದ್ದೇವೆ.